ಇತರೆ ಖರ್ಚು: ಕಾತ್ರಜದ ದಿನಚರಿಯಿಂದ

15 ಜೂನ್ 2024, ಶನಿವಾರ

ಇವತ್ತು ಇಲ್ಲಿ ಶಾಲೆಗಳು ಶುರು. ಪುಣೆಯ ಕಾತ್ರಜ ಚೌಕದಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ಎರಡು ಗುಂಪು. ಬಸ್ಸಿನ ಕಡೆ ಹೊಸ ಸಮವಸ್ತ್ರ, ಹೊಸ ಚೀಲ. ಈಚೆ ಮಜೂರ ಅಡ್ಡೆಯಲ್ಲಿ ಬುತ್ತಿ ಗಂಟು, ಸಲಿಕೆ ಹಿಡಿದು ನಿಂತ ನಮ್ಮ ಕಡೆಯ ಮಂದಿ. ಅಫಜಲಪುರ, ಇಂಡಿ, ಸುರಪುರ. ನಾಲ್ಕು ಮಾತು ಕಿವಿಗೆ ಬಿದ್ದರೆ ತಾಲೂಕು ಹೇಳಿಬಿಡಬಹುದು.

ಅಲ್ಲಿಂದ ಭಿಲಾರೆವಾಡಿಯ ತೋಟಕ್ಕೆ ಹೋದೆ. ತೋಟವೆಂದರೆ ಘಟ್ಟದ ಬುಡದ ಇಪ್ಪತ್ತು ಗುಂಟೆ. ಮಕ್ಕಳು ಮಣ್ಣು ಮುಟ್ಟಿ ಕಲಿಯಲಿ ಎಂದು ಊರಿನ ಹಿರಿಯ ರೈತ ಆಬಾ ನಮ್ಮ ಟ್ರಸ್ಟಿಗೆ ಬರೀ ಬಾಯಿಮಾತಿನ ಮೇಲೆ ಬಿಟ್ಟುಕೊಟ್ಟ ತುಂಡು. ಅವರ ಉಳಿದ ಹೊಲದ ಮೇಲೆ ಈಗ ಕಟ್ಟಡಗಳಿವೆ. 2021ರ ಜೂನ್ 30ರಂದು 23 ಹಳ್ಳಿಗಳನ್ನು ಪುಣೆ ಮಹಾನಗರಪಾಲಿಕೆಗೆ ಸೇರಿಸಿದಾಗ ಭಿಲಾರೆವಾಡಿಯೂ ಅದರಲ್ಲಿತ್ತು. ಅಲ್ಲಿಂದಾಚೆ ಆಬಾನ ಮಕ್ಕಳಿಗೆ ಈ ತುಂಡಿನ ಮೇಲೂ ಕಣ್ಣು.

ವಿಮಾ ಕಚೇರಿಯಲ್ಲಿ ನೌಕರಿ ಮಾಡಿ ನಿವೃತ್ತಳಾದವಳು ಎಂದು ನನ್ನನ್ನು ಟ್ರಸ್ಟಿನ ಖಜಾಂಚಿ ಮಾಡಿದ್ದಾರೆ. ಹೊಸ ವರ್ಷದ ಖಾತೆ ಪುಸ್ತಕ ತೆರೆದೆ. ಸಂಯೋಜಕಿಯ ಸಂಬಳ, ಬಸ್ ಬಾಡಿಗೆ, ಬೀಜ ಮತ್ತು ಗೊಬ್ಬರ, ಮುದ್ರಣ, ಕೊನೆಗೆ ‘ಇತರೆ ಖರ್ಚು’. ನಮ್ಮಂಥ ಸಂಸ್ಥೆಗಳ ಪರಿಚಯಪತ್ರದಲ್ಲಿ ವಿಶ್ವಸ್ತರ ಫೋಟೋ ಇರುತ್ತದೆ, ಧ್ಯೇಯವಾಕ್ಯ ಇರುತ್ತದೆ. ಕೆಲಸ ಮಾಡುವವರು ಯಾರು ಅಂತ ತಿಳಿಯಬೇಕಾದರೆ ವೋಚರ್ ನೋಡಬೇಕು.

22 ಜೂನ್, ಶನಿವಾರ

ಪಾಲಿಕೆ ಶಾಲೆಯ ಆರನೇ ಇಯತ್ತೆಯ ಮಕ್ಕಳು ಬಂದಿದ್ದರು. ಸಂಯೋಜಕಿ ಆಹಾರ ಜಾಲದ ಪಟ ತೂಗುಹಾಕಿ ಚೆನ್ನಾಗಿಯೇ ಪಾಠ ಮಾಡಿದಳು. ಆಕೆ ಎಂ.ಎಸ್ಸಿ. ಮಾಡಿದ್ದು ಇಲ್ಲೇ, ಧನಕವಡಿಯ ಭಾರತಿ ವಿದ್ಯಾಪೀಠದ ಪರಿಸರ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ. 1993ರಲ್ಲಿ ಅದನ್ನು ಕಟ್ಟಿದ ಡಾ. ಎರಚ್ ಭರೂಚಾ ವೃತ್ತಿಯಿಂದ ಶಸ್ತ್ರಚಿಕಿತ್ಸಕರು. ಕಾಡು ಸುತ್ತುವುದು, ಫೋಟೋ ತೆಗೆಯುವುದು ಅವರ ಇನ್ನೊಂದು ಬದುಕು. ವಕೀಲ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಪರಿಸರ ಪಾಠ ಕಡ್ಡಾಯ ಎಂದಿತು. ಜಾರಿಯಾಗುವ ಲಕ್ಷಣ ಕಾಣದೆ 2003ರಲ್ಲಿ ಮತ್ತೆ ಹೇಳಬೇಕಾಯಿತು. ಆಗ ವಿಶ್ವವಿದ್ಯಾಲಯ ಅನುದಾನ ಆಯೋಗಕ್ಕಾಗಿ ಪದವಿ ತರಗತಿಗಳ ಪಠ್ಯ ಬರೆದವರು ಈ ಡಾಕ್ಟರು. ನನ್ನ ಮಗಳು ಓದಿದ್ದೂ ಅದನ್ನೇ. ಅದರ ಕೊನೆಯ ಘಟಕವೇ ಕ್ಷೇತ್ರಕಾರ್ಯ: ಹೊರಗೆ ಹೋಗಿ, ನೋಡಿ, ಬರೆಯಿರಿ. ಮಗಳ ಕಾಲೇಜಿನಲ್ಲಿ ಆ ಘಟಕವನ್ನೂ ಟಿಪ್ಪಣಿ ಬರೆಸಿ ಮುಗಿಸಿದ್ದರು.

ಪಟದ ಪಾಠ ಮುಗಿದ ಮೇಲೆ ಮಕ್ಕಳು ತೊಗರಿ ಊರಲು ಕೂತರು. ಮಡಿ ಅಗೆಯಲು ಅಡ್ಡೆಯಿಂದ ಕರೆತಂದ ಅಫಜಲಪುರದ ಹೆಣ್ಣುಮಗಳು ಸಲಿಕೆ ಊರಿಕೊಂಡು ನೋಡುತ್ತಿದ್ದಳು. ಒಬ್ಬ ಹುಡುಗ ಗೇಣುದ್ದ ತಗ್ಗು ತೋಡಿ ಕಾಳು ಹಾಕಿದ್ದೇ ತಡ, ತಡೆಯಲಾಗಲಿಲ್ಲ ಆಕೆಗೆ.

“ಏ ತಮ್ಮಾ, ಬೀಜ ಹುಗಿಲಕತ್ತೀಯೋ, ಹೆಣ ಹುಗಿಲಕತ್ತೀಯೋ?”

ಅರ್ಧ ತರಗತಿ ಹೋ ಎಂದು ನಕ್ಕಿತು. ಉಳಿದರ್ಧಕ್ಕೆ ಏನೂ ತಿಳಿಯಲಿಲ್ಲ, ನಕ್ಕವರು ಮರಾಠಿಯಲ್ಲಿ ಹೇಳಿದ ಮೇಲೆ ಅವರೂ ನಕ್ಕರು. ಕನ್ನಡದ ಮಕ್ಕಳು ಅಷ್ಟೊಂದು ಮಂದಿ ಇದ್ದಾರೆಂದು ಸಂಯೋಜಕಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಹಾಜರಿ ಪಟ್ಟಿಯಲ್ಲಿ ಮಾತೃಭಾಷೆಯ ಕಾಲಂ ಇಲ್ಲ.

ಬೆರಳಿನ ಎರಡು ಗೆಣ್ಣು ಆಳ, ಅದಕ್ಕಿಂತ ಹೆಚ್ಚು ಬೇಡ. ಎರಿ ಭೂಮಿಯಾದರೆ ಒಂದು ಲೆಕ್ಕ, ಈ ಘಟ್ಟದ ಗರಸು ಮಣ್ಣಾದರೆ ಬೇರೆ ಲೆಕ್ಕ. ತೊಗರಿ ಸಾಲಿನ ನಡುವೆ ಹೆಸರು ಹಾಕಿದರೆ ತೊಗರಿ ಮೈದುಂಬುವ ಮೊದಲೇ ಹೆಸರು ಕೈಗೆ ಬರುತ್ತದೆ. ಇಷ್ಟನ್ನೂ ಆಕೆ ಕುಕ್ಕರಗಾಲಲ್ಲಿ ಕೂತು ಹೇಳಿದಳು. ಸಂಯೋಜಕಿ ಡೈರಿ ತೆಗೆದು ಬರೆದುಕೊಂಡಳು. ಅದು ನನಗೆ ಇಷ್ಟವಾಯಿತು.

5 ಜುಲೈ, ಶುಕ್ರವಾರ

ಮಣ್ಣೆತ್ತಿನ ಅಮಾವಾಸ್ಯೆ. ಪುಣೆಯಲ್ಲಿ ಇದರ ಸುಳಿವೇ ಇಲ್ಲ, ಇಲ್ಲಿ ಎತ್ತಿನ ಹಬ್ಬ ಶ್ರಾವಣದ ಅಮಾವಾಸ್ಯೆಗೆ. ಧಾರವಾಡದಲ್ಲಾಗಿದ್ದರೆ ಕುಂಬಾರರು ಬೆಳಿಗ್ಗೆಯೇ ಎತ್ತಿನ ಜೋಡಿ ಹೊತ್ತು ಬಾಗಿಲಿಗೆ ಬರುತ್ತಿದ್ದರು.

ಅಫಜಲಪುರದಾಕೆ ಈಗ ವಾರಕ್ಕೆ ಮೂರು ದಿನ ಬರುತ್ತಾಳೆ. ಇವತ್ತು ಕಾತ್ರಜದ ಕೆರೆ ಕಡೆಯಿಂದ ಜಿಗುಟು ಮಣ್ಣು ತಂದು ನಾದಿಟ್ಟಿದ್ದಳು. ಮಕ್ಕಳೆಲ್ಲ ಎತ್ತು ಮಾಡಿದರು. ಅಪಾರ್ಟ್‌ಮೆಂಟಿನ ಶಾಲೆಯಿಂದ ಬಂದ ಹುಡುಗಿ ಮಾಡಿದ ಎತ್ತಿಗೆ ಹಿಣಿಲು ಇರಲಿಲ್ಲ. “ಇದು ಪರದೇಶದ ಎತ್ತೇನವ್ವಾ?” ಎಂದು ಅಫಜಲಪುರದಾಕೆ ಕೇಳಿ, ತಾನೇ ಒಂದು ಉಂಡೆ ಮಣ್ಣು ಒತ್ತಿ ಹಿಣಿಲು ಕೂರಿಸಿದಳು. ನೊಗ ಹಿಣಿಲಿಗೆ ಆತುಕೊಂಡು ಕೂರುವುದು ಹೇಗೆ, ಕೂರಿಗೆಯಲ್ಲಿ ಬೀಜ ಯಾವ ದಾರಿಯಾಗಿ ಇಳಿಯುತ್ತದೆ, ಎಡೆ ಹೊಡೆಯುವಾಗ ಸಸಿ ಉಳಿದು ಕಳೆ ಮಾತ್ರ ಹೋಗುವುದು ಹೇಗೆ. ಮಣ್ಣಿನ ಎತ್ತು ಮುಂದಿಟ್ಟುಕೊಂಡೇ ಒಕ್ಕಲುತನದ ಸಾಮಾನೆಲ್ಲ ಹೇಳಿ ಮುಗಿಸಿದಳು. ಸಂಯೋಜಕಿ ಪ್ರತಿ ಮಾತನ್ನೂ ಮರಾಠಿಗೆ ತಿರುಗಿಸಿದಳು, ನಾನು ಜೊತೆಗೆ ಕೈ ಹಾಕಿದೆ.

ಮಧ್ಯಾಹ್ನ ಕೇಳಿದೆ: “ಊರಾಗ ಹೊಲ ಐತೇನವಾ?”

“ಐತ್ರಿ ಅಕ್ಕಾರ. ನಾಕ ಎಕರೆ. ಮಳಿ ಆದ್ರ ತೊಗರಿ, ಆಗಲಿಲ್ಲಂದ್ರ ಪುಣೆ.”

ಕಲಬುರ್ಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಬಂತು, ಪೇಟೆಯಲ್ಲಿ ಆ ಬೇಳೆಗೆ ಹೆಸರಿದೆ. ಅದನ್ನು ಬೆಳೆಯುವವಳು ಕಾತ್ರಜದಲ್ಲಿ ಸೆಂಟ್ರಿಂಗ್ ಕೆಲಸದ ಗಂಡನ ಜೊತೆ ತಗಡಿನ ಶೆಡ್ಡಿನಲ್ಲಿದ್ದಾಳೆ. ಒಕ್ಕಲುತನ ಬಿಟ್ಟು ಬಂದವರ ಮಕ್ಕಳಿಗೆ ಒಕ್ಕಲುತನದ ರುಚಿ ಹಚ್ಚಲು ನಾವೊಂದು ಟ್ರಸ್ಟ್ ಕಟ್ಟಿದ್ದೇವೆ. ಇದನ್ನು ಯೋಚಿಸಿದಾಗೆಲ್ಲ ಒಂಥರಾ ಮುಜುಗರ. ಹಾಗಂತ ಬಿಟ್ಟುಬಿಡಬೇಕು ಅಂತಲೂ ಅನ್ನಿಸುವುದಿಲ್ಲ. ಆಕೆಯ ಮಗ ಆರನೇ ಇಯತ್ತೆಯಲ್ಲೇ ಇದ್ದಾನೆ. ತಾಯಿ ಪಾಠ ಹೇಳುವಾಗ ಅವನು ಕೂತ ರೀತಿಯೇ ಬೇರೆ ಇತ್ತು.

13 ಜುಲೈ, ಶನಿವಾರ

ಸಂಯೋಜಕಿಯ ಜೊತೆ ಶಿರೂರು ತಾಲೂಕಿನ ಪಾಬಳಕ್ಕೆ ಹೋಗಿ ವಿಜ್ಞಾನ ಆಶ್ರಮ ನೋಡಿ ಬಂದೆ. ಇಷ್ಟು ವರ್ಷ ಪುಣೆಯಲ್ಲಿದ್ದವಳು ಇದನ್ನು ಈಗ ನೋಡಿದೆ.

1983ರಲ್ಲಿ ಇದನ್ನು ಶುರು ಮಾಡಿದ ಡಾ. ಶ್ರೀನಾಥ ಕಲಬಾಗ ಆಹಾರ ತಂತ್ರಜ್ಞರು. ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು ಹಿಂದೂಸ್ಥಾನ್ ಲಿವರ್‌ನ ಸಂಶೋಧನೆಯಲ್ಲಿದ್ದವರು. ಅದನ್ನು ಬಿಟ್ಟು ಹೆಂಡತಿಯೊಡನೆ ಈ ಬರಡು ಊರಿಗೆ ಬಂದು ನೆಲೆಸಿ, 2003ರಲ್ಲಿ ತೀರಿಕೊಳ್ಳುವವರೆಗೆ ಇದನ್ನೇ ಬದುಕಿದರು. ಶಾಲೆ ಬಿಟ್ಟ ಹುಡುಗರಿಗೆ ಇಲ್ಲಿ ಒಂದು ವರ್ಷದ ವಸತಿ ಶಿಕ್ಷಣ. ಬೇಸಾಯ ಮತ್ತು ಪಶುಪಾಲನೆ, ಎಂಜಿನಿಯರಿಂಗ್, ಶಕ್ತಿ ಮತ್ತು ಪರಿಸರ, ಮನೆ ಮತ್ತು ಆರೋಗ್ಯ ಎಂದು ನಾಲ್ಕು ವಿಭಾಗ, ನಾಲ್ಕನ್ನೂ ಎಲ್ಲರೂ ಕಲಿಯಬೇಕು. ಗುಮ್ಮಟದಂಥ ಕಟ್ಟಡಗಳು ಪಾಬಳದ ಗುರುತಾಗಿಬಿಟ್ಟಿವೆ. ಭೂಮಿಯಲ್ಲಿ ವಿದ್ಯುತ್ ಹಾಯಿಸಿ ರೋಧ ಅಳೆದು, ಬಾವಿ ಎಲ್ಲಿ ತೋಡಬೇಕೆಂದು ಹೇಳುವುದನ್ನು ಹಳ್ಳಿಯ ಹುಡುಗರಿಗೆ ಕಲಿಸಿದರು. ಹೀಗೆ ಕಲಿತವರು ಊರಿಗೆ ಸೇವೆ ಕೊಟ್ಟು ಹಣ ಪಡೆಯಬೇಕು. ಊರ ಕೆಲಸವೇ ಪ್ರಯೋಗಶಾಲೆ, ಪುಕ್ಕಟೆ ಏನೂ ಇಲ್ಲ. ಈ ಕೊನೆಯ ಮಾತು ಖಜಾಂಚಿಗೆ ಬಹಳ ಹಿಡಿಸಿತು.

ಆಶ್ರಮ ಹುಟ್ಟಿದ್ದು ಪುಣೆಯ ಭಾರತೀಯ ಶಿಕ್ಷಣ ಸಂಸ್ಥೆಯ ಒಂದು ಕೇಂದ್ರವಾಗಿ. ಆ ಸಂಸ್ಥೆಯನ್ನು 1948ರಲ್ಲಿ ಮುಂಬಯಿಯಲ್ಲಿ ಕಟ್ಟಿ 1976ರಲ್ಲಿ ಪುಣೆಗೆ ತಂದವರು ಜೆ.ಪಿ. ನಾಯಕ. ಕೊಠಾರಿ ಆಯೋಗದ ಸದಸ್ಯ ಕಾರ್ಯದರ್ಶಿ ಎಂದು ದೇಶಕ್ಕೆ ಅವರ ಹೆಸರು ಗೊತ್ತು. ನನಗೆ ಗೊತ್ತಿರುವುದು ಬೇರೆ ದಾರಿಯಿಂದ. ಬಳ್ಳಾರಿ ಜೈಲಿನಿಂದ ಹೊರಬಂದ ಮೇಲೆ 1930ರ ದಶಕದಲ್ಲಿ ಅವರು ಕೆಲಸಕ್ಕೆ ಕೂತದ್ದು ಧಾರವಾಡದ ಹತ್ತಿರದ ಉಪ್ಪಿನ ಬೆಟಗೇರಿಯಲ್ಲಿ. ಅದು ನನ್ನ ಸೋದರಮಾವನ ಊರು. ಊರು ಸ್ವಚ್ಛ ಮಾಡಿಸುವುದು, ರೋಗಿಗಳ ಆರೈಕೆ, ಶಾಲೆ, ಎಲ್ಲಕ್ಕೂ ಅವರೇ ಮುಂದೆ ನಿಂತದ್ದನ್ನು ಹಿರಿಯರು ಹೇಳುತ್ತಿದ್ದರು. ಶಿಕ್ಷಣದ ದೊಡ್ಡ ಚಿಂತಕರೆಂದು ಯುನೆಸ್ಕೋ ಆಯ್ದ ನೂರು ಜನರಲ್ಲಿ ಗಾಂಧೀಜಿ, ಠಾಕೂರರ ಜೊತೆ ಈ ಮನುಷ್ಯನೂ ಇದ್ದಾರೆ. ಉಪ್ಪಿನ ಬೆಟಗೇರಿಯ ಚರಂಡಿ ಆ ಪಟ್ಟಿಯವರೆಗೆ ಹರಿದು ಹೋಯಿತು ಅಂತ ಮಾವ ಇದ್ದಿದ್ದರೆ ನಗುತ್ತಿದ್ದ.

ವಾಪಸು ಬರುವಾಗ ಬಸ್ಸಿನಲ್ಲಿ ಸಂಯೋಜಕಿ ಹೇಳಿದಳು: “ಕಾಕೂ, ಒಬ್ಬರು ಸರ್ಜನ್, ಒಬ್ಬರು ಆಹಾರದ ವಿಜ್ಞಾನಿ. ದ್ರಾಕ್ಷಿ ಬೆಳೆಗಾರರನ್ನು ಕಟ್ಟಿಕೊಂಡು ‘ಪ್ರಯೋಗ ಪರಿವಾರ’ ನಡೆಸಿದ ಕೊಲ್ಹಾಪುರದ ಶ್ರೀಪಾದ ದಾಭೋಳ್ಕರ್ ಗಣಿತದ ಪ್ರಾಧ್ಯಾಪಕರು. ಈ ಕೆಲಸಕ್ಕಂತ ಓದಿದವರು ಯಾರೂ ಇಲ್ಲವಲ್ಲ!” ನಿಜ. ಆದರೆ ದಾಭೋಳ್ಕರರು ರೈತರಿಗೆ ಪಾಠ ಮಾಡಲಿಲ್ಲ. ಒಬ್ಬ ರೈತ ಕಂಡುಕೊಂಡದ್ದನ್ನು ಇನ್ನೊಬ್ಬ ರೈತನ ಕಿವಿಗೆ ಮುಟ್ಟಿಸಿದರು. ಕಲಬಾಗರೂ ತಮ್ಮಲ್ಲಿ ಕಲಿತ ಹಳ್ಳಿ ಹುಡುಗರ ಕೈಗೇ ಕಲಿಸುವ ಕೆಲಸ ಕೊಟ್ಟರು. ಹೆಸರು ಮಾಡಿದವರಿಗೆಲ್ಲ ತಾವು ಎಲ್ಲಿ ಸುಮ್ಮನಿರಬೇಕೆಂಬುದು ಗೊತ್ತಿತ್ತು ಅನ್ನಿಸಿತು.

25 ಜುಲೈ, ಗುರುವಾರ

ರಾತ್ರಿಯಿಡೀ ಸುರಿದಿದೆ. ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಮನೆಗಳಿಗೆ ನೀರು ನುಗ್ಗಿದೆ. ಶಾಲೆಗಳಿಗೆ ರಜೆ. ಕಾತ್ರಜದವರು ಮಳೆ ಬಂದರೆ ಮೊದಲು ನೆನೆಸುವುದು 2019ರ ಸೆಪ್ಟೆಂಬರ್ 25ರ ರಾತ್ರಿಯನ್ನು. ಅಂದು ಕೆರೆ ಉಕ್ಕಿ ಆಂಬಿಲ್ ಓಢಾ ಹಳ್ಳದ ಎರಡೂ ದಡ ಕೊಚ್ಚಿಕೊಂಡು ಹೋಗಿತ್ತು.

ಈ ಕೆರೆ ನಾನಾಸಾಹೇಬ ಪೇಶ್ವೆ 1750ರ ಸುಮಾರಿಗೆ ಕಟ್ಟಿಸಿದ್ದು. ಇಲ್ಲಿಂದ ನೆಲದೊಳಗೆ ಸುರಂಗ ಕಟ್ಟಿ, ಬರೀ ಇಳಿಜಾರಿನ ಬಲದಿಂದ ಶನಿವಾರವಾಡೆಯ ತನಕ ನೀರು ಒಯ್ದಿದ್ದರು. ದಾರಿಯುದ್ದಕ್ಕೂ ಗಾಳಿಯಾಡಲು ಉಸಿರುಗಿಂಡಿಗಳು, ಊರೊಳಗೆ ನೀರಿನ ಹೌದುಗಳು. ಮುಂದಿನ ತಿಂಗಳು ಮಕ್ಕಳನ್ನು ಈ ದಾರಿ ಹಿಡಿದು ನಡೆಸಬೇಕೆಂದು ಸಂಯೋಜಕಿಯ ಯೋಜನೆ. ಪೇಶ್ವೆಯ ಹೆಸರು ಹೇಳುತ್ತೇವೆ, ಹೇಳಲೇಬೇಕು. ಸುರಂಗದಲ್ಲಿ ಬಗ್ಗಿ ಕೂತು ಇಳಿಜಾರು ಹಿಡಿದವರ ಹೆಸರು ಯಾವ ದಫ್ತರದಲ್ಲಿದೆಯೋ.

ಸಂಜೆ ಮಳೆ ನಿಂತಾಗ ಆಬಾ ಫೋನ್ ಮಾಡಿದರು. ತೊಗರಿ ಮಡಿಯಲ್ಲಿ ನೀರು ನಿಂತಿತ್ತಂತೆ. ಅಫಜಲಪುರದಾಕೆ ಯಾರೂ ಕರೆಯದೆ ಬಂದು, ಬದು ಕಡಿದು ನೀರು ಬಿಟ್ಟು ಹೋಗಿದ್ದಾಳೆ. ಇದಕ್ಕೆ ಹಾಜರಿ ಯಾವ ಪುಸ್ತಕದಲ್ಲಿ ಹಾಕಲಿ?

9 ಆಗಸ್ಟ್, ಶುಕ್ರವಾರ

ನಾಗರ ಪಂಚಮಿ. ಬೆಳಿಗ್ಗೆ ಅಳ್ಳಿಟ್ಟು, ಶೇಂಗಾ ಉಂಡಿ ಕಟ್ಟಿಕೊಂಡೇ ಹೊರಟೆ. ಇವತ್ತಿನ ಪಾಠ ಹಾವಿನದು, ಕಾತ್ರಜದಲ್ಲಿ ಹಾವಿನ ಪಾಠಕ್ಕೆ ದೂರ ಹೋಗಬೇಕಿಲ್ಲ. 1980ರಲ್ಲಿ ಪುಣೆಯಲ್ಲಿ 72 ವಿಷದ ಹಾವುಗಳ ಜೊತೆ ಒಂದೇ ಪಂಜರದಲ್ಲಿ 72 ಗಂಟೆ ಕೂತು, ಹಾವು ತಾನಾಗಿ ಬಂದು ಕಚ್ಚುವುದಿಲ್ಲ ಎಂದು ತೋರಿಸಿದ ನೀಲಿಮಕುಮಾರ ಖೈರೆ 1986ರಲ್ಲಿ ಇಲ್ಲಿ ಸರ್ಪೋದ್ಯಾನ ತೆರೆಸಿದರು. 1999ರಲ್ಲಿ ಅದರ ಸುತ್ತ ರಾಜೀವ್ ಗಾಂಧಿ ಪ್ರಾಣಿ ಸಂಗ್ರಹಾಲಯ ಬಂತು. ಕೆರೆಯೂ ಸೇರಿ 130 ಎಕರೆ.

ಹಾವು ಹಾಲು ಕುಡಿಯುವುದಿಲ್ಲ, ಪುಂಗಿಯ ನಾದಕ್ಕಲ್ಲ, ಅದರ ಓಲಾಟಕ್ಕೆ ತಲೆಯಾಡಿಸುತ್ತದೆ, ಗಾರುಡಿಗರು ಹಾವು ಇಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಇದೆಲ್ಲ ಮಕ್ಕಳಿಗೆ ಬಾಯಿಪಾಠ. ಪರೀಕ್ಷೆಯಲ್ಲಿ ಬರೆಯುತ್ತಾರೆ, ಮನೆಗೆ ಹೋಗಿ ಹುತ್ತಕ್ಕೆ ಹಾಲೆರೆಯುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ, ನಾನೂ ಎರೆದೇ ಬಂದಿದ್ದೆ.

ಸರ್ಪೋದ್ಯಾನ ನೋಡಿ ತೋಟಕ್ಕೆ ಬಂದ ಮೇಲೆ ಪಾಠ ಗಂಭೀರವಾಯಿತು. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸತ್ತರೆಂದು 2020ರ ಅಧ್ಯಯನ ಹೇಳುತ್ತದೆ. ಬಹುಪಾಲು ಹಳ್ಳಿಗರು, ಹೊಲದವರು. ಸಂಯೋಜಕಿ ಈ ಸಂಖ್ಯೆ ಓದಿದಾಗ ಮಕ್ಕಳು ಸುಮ್ಮನೆ ಕೂತಿದ್ದರು. ಅಫಜಲಪುರದಾಕೆ ತನ್ನ ಮೈದುನನ ಕತೆ ಹೇಳಿದಳು. ರಾತ್ರಿ ಕರೆಂಟು ಬಂದಾಗ ನೀರು ಕಟ್ಟಲು ಬರಿಗಾಲಲ್ಲಿ ಹೋದವನು. ಕೊಳಕುಮಂಡಲ. ಮೊದಲು ದೇವರ ಗುಡಿಗೆ ಒಯ್ದರು, ಆಮೇಲೆ ದವಾಖಾನೆಗೆ. ಮುಂದಿನದನ್ನು ಹೇಳದೆ ಎದ್ದು ಒಂದು ಬಡಿಗೆ ತಂದಳು. ಕಣಿಕೆ ಬಣವೆಗೆ ಕೈ ಹಾಕುವ ಮೊದಲು ಹೇಗೆ ಬಡಿಯಬೇಕು, ಕತ್ತಲಲ್ಲಿ ಬ್ಯಾಟರಿ ಎಲ್ಲಿ ಹಿಡಿಯಬೇಕು, ಕೇರೆ ಹಾವನ್ನು ಯಾಕೆ ಬಿಡಬೇಕು ಎಂದು ತೋರಿಸಿದಳು. “ಇಲಿ ತಿಂತದ್ರೋ ಅದು, ಜೋಳದ ಹಗೇಕ ಅದೇ ಕಾವಲು.”

ಪಂಚಮಿಯ ಜೋಕಾಲಿ ಆಬಾನ ಮಾವಿನ ಮರಕ್ಕೆ ಕಟ್ಟಿದೆವು. ಉಂಡಿ ಸಾಲಲಿಲ್ಲ.

24 ಆಗಸ್ಟ್, ಶನಿವಾರ

ಹಣ ಕೊಡುವ ಕಂಪನಿಯೊಂದರಿಂದ ಇಬ್ಬರು ನೋಡಲು ಬಂದಿದ್ದರು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕು. ನಮ್ಮಂಥವರು ಬದುಕಿರುವುದು ಆ ಎರಡರ ತುಣುಕಿನಿಂದ. ಮಕ್ಕಳು ಒಳ್ಳೆಯವರಾಗಿ ನಡೆದುಕೊಂಡರು, ಬಂದವರೂ ಒಳ್ಳೆಯವರೇ. ಬೂಟು ಕೊಳೆಯಾದರೂ ಮಡಿಯ ನಡುವೆ ಓಡಾಡಿದರು.

ನಮೂನೆಯಲ್ಲಿ ಎಷ್ಟು ಫಲಾನುಭವಿಗಳು, ಎಷ್ಟು ಸಸಿ, ಎಷ್ಟು ತರಬೇತಾದ ಶಿಕ್ಷಕರು ಎಂದು ಕಾಲಂಗಳಿವೆ. ಶಿಕ್ಷಕರ ಕಾಲಂನ ಮುಂದೆ ‘ವಿದ್ಯಾರ್ಹತೆ’. ಸಂಯೋಜಕಿ ತನ್ನ ಹೆಸರು ಬರೆದು ಕೆಳಗೆ ಅಫಜಲಪುರದಾಕೆಯ ಹೆಸರನ್ನೂ ಬರೆದಳು. ವಿದ್ಯಾರ್ಹತೆ: ಮೂರನೇ ಇಯತ್ತೆ. ಬಂದವರಲ್ಲಿ ಒಬ್ಬರು ನಯವಾಗಿಯೇ ಹೇಳಿದರು: “ಇವರನ್ನು ಲೇಬರ್‌ನಲ್ಲಿ ತೋರಿಸಿಬಿಡಿ ಮೇಡಂ, ಮೇಲಿನವರು ಪ್ರಶ್ನೆ ಕೇಳುತ್ತಾರೆ.”

ಆಕೆ ಅಲ್ಲೇ ನಿಂತು ಪುಂಡಿಪಲ್ಯ ಬಿಡಿಸುತ್ತಿದ್ದಳು. ಹಿಂದಿ ಆಕೆಗೆ ಚೆನ್ನಾಗಿ ತಿಳಿಯುತ್ತದೆ.

2 ಸೆಪ್ಟೆಂಬರ್, ಸೋಮವಾರ

ಪೋಳಾ, ಇಲ್ಲಿನ ಎತ್ತಿನ ಹಬ್ಬ. ಆಬಾ ತಮ್ಮ ಕೊನೆಯ ಜೋಡಿ ಮಾರಿ ವರ್ಷಗಳಾದವು. ಆದರೂ ಇವತ್ತು ದನದ ಗೋಠಾಕ್ಕೆ ಸುಣ್ಣ ಹಚ್ಚಿಸಿ, ಜುಲೈನಲ್ಲಿ ಮಕ್ಕಳು ಮಾಡಿಟ್ಟ ಮಣ್ಣೆತ್ತುಗಳನ್ನು ಅಲ್ಲಿ ಕೂರಿಸಿ ಹೋಳಿಗೆ ನೈವೇದ್ಯ ಮಾಡಿದರು. ಮಳೆಗೆ ಕರಗಿ ಉಳಿದವು ಕೆಲವೇ. ಹಿಣಿಲಿನ ಎತ್ತು ಉಳಿದಿದೆ.

ದೊಡ್ಡ ಮಗ ಜಮೀನಿನ ಸಾತ್‌ಬಾರಾ ಉತಾರೆಯ ಮಾತೆತ್ತಿದ. ಆಬಾ ಹೋಳಿಗೆ ಬಡಿಸುತ್ತಲೇ, “ನಾನು ಇರುವ ತನಕ ಇದು ಶಾಲೆ” ಎಂದರು. ಅವರಿಗೆ ಎಂಬತ್ತು ದಾಟಿದೆ. ಟ್ರಸ್ಟಿನ ವತಿಯಿಂದ ಬರವಣಿಗೆಯಲ್ಲಿ ಕರಾರು ಕೇಳಬೇಕೆಂದು ಕಾರ್ಯದರ್ಶಿಗೆ ಹೇಳಿದ್ದೇನೆ. ಇಂಥ ದಿನ ಕಾಗದ ಹಿಡಿದು ಹೋಗಲು ಅವರಿಗೆ ಮನಸ್ಸಿಲ್ಲ. ಯಾರಾದರೂ ಹೋಗಲೇಬೇಕು.

14 ಸೆಪ್ಟೆಂಬರ್, ಶನಿವಾರ

ಗಣಪತಿಯ ಗದ್ದಲದ ನಡುವೆ ಸಮಿತಿ ಸಭೆ. ತಿಂಗಳ ಕೊನೆಗೆ ಲೆಕ್ಕ ತಪಾಸಣೆಯ ವರದಿ ಹೋಗಬೇಕು, ಐದು ವರ್ಷಕ್ಕೊಮ್ಮೆ ಆದಾಯ ತೆರಿಗೆಯವರ ನೋಂದಣಿ ನವೀಕರಣ ಬೇರೆ. ಅದೆಲ್ಲ ಮುಗಿದ ಮೇಲೆ ನನ್ನ ವಿಷಯ ಇಟ್ಟೆ: ಅಫಜಲಪುರದಾಕೆಗೆ ಕೊಡುವ ಹಣವನ್ನು ‘ಇತರೆ ಖರ್ಚು, ಮಜೂರಿ’ಯಿಂದ ತೆಗೆದು ‘ಶಿಕ್ಷಕರ ಗೌರವಧನ’ ಎಂಬ ಹೊಸ ಖಾತೆಗೆ ಹಾಕಬೇಕು. ಅಗೆತ ಇದ್ದ ದಿನ ಮಜೂರಿ, ಪಾಠ ಇದ್ದ ದಿನ ಗೌರವಧನ.

ಕಾರ್ಯದರ್ಶಿ, ಕಂಪನಿ ಒಪ್ಪುವುದಿಲ್ಲ ಎಂದರು. ಹಾಗಾದರೆ ಕಂಪನಿಯ ಹಣದಿಂದ ಬೇಡ, ಸದಸ್ಯರ ವಂತಿಗೆಯಿಂದ ಕೊಡೋಣ ಎಂದೆ. ಲೆಕ್ಕಪರಿಶೋಧಕರು ಕೇಳಿದರೆ? ಕೇಳಲಿ. ವಾರವಾರದ ಪಾಠದ ಟಿಪ್ಪಣಿ ಸಂಯೋಜಕಿಯ ಡೈರಿಯಲ್ಲಿದೆ, ಅದೇ ವೋಚರಿಗೆ ಆಧಾರ. ಒಬ್ಬ ಹಿರಿಯ ವಿಶ್ವಸ್ತರು, “ಇಷ್ಟು ಸಣ್ಣ ಮೊತ್ತಕ್ಕೆ ಹೊಸ ಖಾತೆ ಯಾಕೆ? ಆಕೆಗೆ ಸಿಗುವುದು ಅದೇ ಹಣವಲ್ಲವೇ?” ಎಂದರು. ಅದೇ ಹಣವಲ್ಲ. ಪಾಠದ ದಿನಕ್ಕೆ ಹೊರಗಿನಿಂದ ಬರುವ ಉಪನ್ಯಾಸಕರಿಗೆ ನಾವು ಏನು ಕೊಡುತ್ತೇವೋ ಅದನ್ನೇ ಆಕೆಗೂ ಕೊಡಬೇಕು ಎಂಬುದು ನನ್ನ ಠರಾವಿನ ಎರಡನೇ ಸಾಲು. ಅದನ್ನು ಓದಿದಾಗ ಸ್ವಲ್ಪ ಹೊತ್ತು ಹೊರಗಿನ ಢೋಲು ಮಾತ್ರ ಕೇಳಿಸಿತು. ಸಂಯೋಜಕಿ ಅನುಮೋದಿಸಿದಳು. ಕೊನೆಗೆ ಪಾಸಾಯಿತು, ಒಂದು ವರ್ಷದ ಮಟ್ಟಿಗೆ.

ಸಂಜೆ ಶೆಡ್ಡಿಗೆ ಹೋಗಿ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು.

“ಚಲೋ ಆತ್ರಿ ಅಕ್ಕಾರ. ಆದ್ರ ಮುಂದಿನ ವಾರ ನಾ ಊರಿಗಿ ಹೊಂಟೀನಿ. ಹಿಂಗಾರಿ ಜ್ವಾಳ ಬಿತ್ತಬೇಕು. ಮಾಸ್ತರಗೋಳಿಗಿ ರಜಾದಾಗೂ ಪಗಾರ ಇರ್ತದಂತಲ್ರೀ?”

ಇದು ನನ್ನ ಠರಾವಿನಲ್ಲಿರಲಿಲ್ಲ. ಮುಂದಿನ ಸಭೆಗೆ ಇಡುತ್ತೇನೆ ಎಂದೆ, ನಕ್ಕಳು. ಮಾಲದಂಡಿ ಜೋಳದ ಬೀಜ ಒಂದು ಸೇರು ತಂದುಕೊಡುತ್ತೇನೆ, ಮಕ್ಕಳ ಮಡಿಗೂ ಆಗುತ್ತದೆ ಎಂದಳು. ಅದರ ಬೆಲೆ ಬೀಜದ ಖಾತೆಗೆ, ಆಕೆ ಬೇಡವೆಂದರೂ.

ಆಕೆ ಬರುವ ತನಕದ ಶನಿವಾರಗಳಿಗೆ ಯಾರು? ಹದ ನೋಡಿ ಬಿತ್ತುವುದನ್ನು ಹೇಳಿಕೊಡಲು ಈ ಸುತ್ತಿನಲ್ಲಿ ಉಳಿದಿರುವವರು ಆಬಾ ಒಬ್ಬರೇ. ನಾಳೆ ಹೋಗಿ ಕೇಳಬೇಕು, ಕರಾರಿನ ಕಾಗದವನ್ನೂ ಜೊತೆಗೇ ಒಯ್ಯಬೇಕು. ಗೌರವಧನ ಬೇಡ ಅನ್ನುತ್ತಾರೆ, ಗೊತ್ತು. ಸಹಿ ಹಾಕಿಸಿಕೊಂಡೇ ಕೊಡುವುದು.